ಇಪ್ಪತ್ತೆಂಟು ದಿನದ ತಿಂಗಳು

(ಜಗಳೂರು ತಾಲ್ಲೂಕು ಸೊಕ್ಕೆಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಮುಂದೆ ಮೊಬೈಲ್ ಫೋನಿನ ದರಗಳನ್ನು ಕುರಿತು ಮಾಡಿದ ಭಾಷಣ)



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ತಿಂಗಳಿಗೆ ಎಷ್ಟು ದಿನ? ಶಾಲೆಯ ಹುಡುಗನನ್ನು ಕೇಳಿದರೆ ಮೂವತ್ತು ಎನ್ನುತ್ತಾನೆ. ಸ್ವಲ್ಪ ಬಲ್ಲವನಾದರೆ ಮೂವತ್ತೊಂದೂ ಉಂಟು, ಫೆಬ್ರವರಿಗೆ ಮಾತ್ರ ಇಪ್ಪತ್ತೆಂಟು ಎನ್ನುತ್ತಾನೆ. ಆದರೆ ನಿಮ್ಮ ಜೇಬಿನಲ್ಲಿರುವ ಫೋನಿನ ಕಂಪನಿಗೆ ವರ್ಷವೆಲ್ಲ ಫೆಬ್ರವರಿಯೇ.

ಗಿರಣಿಯ ಮಾಲೀಕನು ಬಟವಾಡೆಯ ದಿನ ಬಂದು, "ನಮ್ಮಲ್ಲಿ ತಿಂಗಳೆಂದರೆ ಮೂವತ್ತೈದು ದಿನ, ಇನ್ನೂ ಐದು ದಿನ ಬಿಟ್ಟು ಬನ್ನಿ" ಎಂದರೆ ನೀವು ಸುಮ್ಮನೆ ಮನೆಗೆ ಹೋಗುತ್ತೀರಾ? ಇಲ್ಲ, ಗೇಟಿನ ಮುಂದೆ ಕೂತುಬಿಡುತ್ತೀರಿ. ಕೊಡುವವನು ತಿಂಗಳನ್ನು ಹಿಗ್ಗಿಸಿದರೆ ನಮ್ಮ ಕಣ್ಣಿಗೆ ಕಾಣುತ್ತದೆ. ವಸೂಲು ಮಾಡುವವನು ತಿಂಗಳನ್ನು ಕುಗ್ಗಿಸಿದರೆ ಕಾಣುವುದಿಲ್ಲ. ಇಂದಿನ ನನ್ನ ಮಾತೆಲ್ಲ ಈ ಕಾಣದ ಕಡಿತವನ್ನು ಕುರಿತದ್ದು.

ಬೆಲೆ ಏರಿಕೆ, ಕೂಲಿ, ಬರಗಾಲ ಇವೆಲ್ಲ ಇರುವಾಗ ಫೋನಿನ ಲೆಕ್ಕ ಎಷ್ಟರ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಫೋನು ಈಗ ಷೋಕಿಯ ವಸ್ತುವಲ್ಲ ಎಂಬುದನ್ನು ನೆನಪಿಡಬೇಕು. ಬ್ಯಾಂಕಿನ ಖಾತೆ ಅದಕ್ಕೆ ಕಟ್ಟಿದೆ, ಆಧಾರ್ ಅದಕ್ಕೆ ಕಟ್ಟಿದೆ, ಗೃಹಲಕ್ಷ್ಮಿಯ ಹಣ ಜಮೆಯಾದ ಸುದ್ದಿ ಅದಕ್ಕೇ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ದುಡಿಯಲು ಹೋದ ಮಗನ ದನಿ ತಾಯಿಗೆ ಕೇಳುವುದೂ ಅದರಿಂದಲೇ. ನಂಬರು ಸತ್ತರೆ ಇಷ್ಟೂ ನಿಂತುಹೋಗುತ್ತದೆ. ಬಿಡಲಾಗದ ವಸ್ತುವಿನ ಮೇಲೆ ಬೀಳುವ ಖರ್ಚನ್ನು ಲೆಕ್ಕ ಹಾಕದೆ ಬಿಡುವುದು ಬಡವನಿಗೆ ತಕ್ಕದ್ದಲ್ಲ.

ದರ ಏರಿದ ಬಗೆ

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತಾಡಿದರು. ಆಗ ಕರೆ ಮಾಡಿದವನೂ ದುಡ್ಡು ಕೊಡಬೇಕಿತ್ತು, ಕರೆ ಬಂದವನೂ ಕೊಡಬೇಕಿತ್ತು. ಬರುವ ಕರೆ ಉಚಿತವಾದದ್ದು 2003ರ ಮೇ 1ರಿಂದ. ಆಮೇಲೆ ಕಂಪನಿಗಳು ಹೆಚ್ಚಿ, ಪೈಪೋಟಿ ಬೆಳೆದು, ಮಾತಿನ ದರ ಪೈಸೆಗೆ ಇಳಿಯಿತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 122 ಪರವಾನಗಿಗಳನ್ನು ರದ್ದು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊದಲಲ್ಲಿ ಎಲ್ಲವನ್ನೂ ಪುಕ್ಕಟೆ ಹಂಚಿತು. ಆ ಹೊಡೆತಕ್ಕೆ ಹಲವು ಕಂಪನಿಗಳು ಬಾಗಿಲು ಹಾಕಿದವು. 2018ರ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಕೊನೆಗೆ ಉಳಿದದ್ದು ಮೂರು ಖಾಸಗಿ ಕಂಪನಿಗಳು ಮತ್ತು ಸರ್ಕಾರದ ಬಿ.ಎಸ್.ಎನ್.ಎಲ್.

ಸಂತೆಯಲ್ಲಿ ಹತ್ತು ಅಂಗಡಿ ಇದ್ದಾಗಿನ ಬೆಲೆಯೇ ಬೇರೆ, ಮೂರು ಅಂಗಡಿ ಉಳಿದಾಗಿನ ಬೆಲೆಯೇ ಬೇರೆ ಎಂಬುದನ್ನು ವ್ಯಾಪಾರಿಗಳಿಗೆ ನಾನು ಹೇಳಬೇಕಾಗಿಲ್ಲ. ಏರ್‌ಟೆಲ್ ಕಂಪನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2018ರ ಕೊನೆಯಲ್ಲಿ ಕನಿಷ್ಠ ರೀಚಾರ್ಜಿನ ಪದ್ಧತಿ ಬಂದಾಗ ಸಿಮ್ ಜೀವಂತ ಇಟ್ಟುಕೊಳ್ಳಲು 28 ದಿನಕ್ಕೆ 35 ರೂಪಾಯಿ ಸಾಕಿತ್ತು. 2019ರ ಡಿಸೆಂಬರಿನಲ್ಲಿ ಅದು 45 ಆಯಿತು. 2021ರ ಜುಲೈಯಲ್ಲಿ 79, ಅದೇ ವರ್ಷದ ನವೆಂಬರಿನಲ್ಲಿ 99. 2023ರ ಜನವರಿಯಲ್ಲಿ ನಮ್ಮ ಕರ್ನಾಟಕದಲ್ಲಿ 155, ಅದೂ 24 ದಿನಕ್ಕೆ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದಾಗ, ಈ ಕಂಪನಿಯ 28 ದಿನದ 179 ರೂಪಾಯಿಯ ಪ್ಯಾಕು 199ಕ್ಕೆ ಏರಿತು. ಬಿ.ಎಸ್.ಎನ್.ಎಲ್. ಆಗ ಏರಿಸಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, 35 ರೂಪಾಯಿಗೆ ಸಿಗುತ್ತಿದ್ದ ಮಾತು ಅಲ್ಪ. 199ಕ್ಕೆ ಎಷ್ಟಾದರೂ ಮಾತಾಡಬಹುದು, ಸ್ವಲ್ಪ ನೆಟ್ಟೂ ಉಂಟು. ಆದರೆ ತಿಂಗಳಿಗೆ ನಾಲ್ಕು ಕರೆ ಬಂದರೆ ಸಾಕು ಎನ್ನುವ ಮುದುಕಿಗೆ ಆ ನೆಟ್ಟಿನಿಂದ ಏನಾಗಬೇಕು? ಅವಳ ಪಾಲಿಗೆ ಏರಿದ್ದು ಆರು ವರ್ಷದೊಳಗೆ ಐದೂವರೆ ಪಟ್ಟಿಗೂ ಹೆಚ್ಚು.

ಈ ದರವನ್ನು ಸರ್ಕಾರ ನಿಗದಿ ಮಾಡುತ್ತದೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. 1997ರಲ್ಲಿ ಸ್ಥಾಪನೆಯಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮೊಬೈಲ್ ದರವನ್ನು ಕಂಪನಿಗಳ ಇಚ್ಛೆಗೇ ಬಿಟ್ಟಿದೆ. ಆದರೆ ಆ ದರವನ್ನು ಹೇಗೆ ತಿಳಿಸಬೇಕು, ಯಾವುದಕ್ಕೆ ಒಪ್ಪಿಗೆ ಪಡೆಯಬೇಕು ಎಂಬುದಕ್ಕೆ ಕಟ್ಟಳೆಗಳನ್ನು ಮಾಡಿದೆ. ಆ ಕಟ್ಟಳೆಗಳು ನಮ್ಮ ಕೈಯಲ್ಲಿರುವ ಕೋಲು. ಕೋಲಿದೆ ಎಂದು ತಿಳಿಯದವನಿಗೆ ಅದರಿಂದ ಪ್ರಯೋಜನವಿಲ್ಲ.

ದಿನಕ್ಕೆಷ್ಟು ಎಂದು ಕೇಳಿ

ಮೊದಲನೆಯ ಕೋಲು ಭಾಗಾಕಾರ. ಪ್ಯಾಕಿನ ಬೆಲೆಯನ್ನು ವಾಯಿದೆಯ ದಿನಗಳಿಂದ ಭಾಗಿಸಿ. 199ನ್ನು 28ರಿಂದ ಭಾಗಿಸಿದರೆ ದಿನಕ್ಕೆ 7 ರೂಪಾಯಿ 11 ಪೈಸೆ. ವರ್ಷಕ್ಕೆ ಹನ್ನೆರಡು ಸಲ ಹಾಕಿಸಿದರೆ 2,388 ರೂಪಾಯಿ ಎಂದು ನೀವು ಎಣಿಸಿರುತ್ತೀರಿ. ಆದರೆ ಹನ್ನೆರಡು ಇಪ್ಪತ್ತೆಂಟು 336 ದಿನಕ್ಕೆ ಮುಗಿಯಿತು. ಉಳಿದ 29 ದಿನಕ್ಕೆ ಹದಿಮೂರನೆಯ ರೀಚಾರ್ಜು ಬೇಕು. ಆಗ ವರ್ಷದ ಮೊತ್ತ 2,587, ಆದರೂ ವರ್ಷದ ಒಂದು ದಿನ ಬಾಕಿ. ಮನೆಯಲ್ಲಿ ಮೂರು ಫೋನಿದ್ದರೆ ಈ ಹದಿಮೂರನೆಯ ತಿಂಗಳೊಂದೇ 597 ರೂಪಾಯಿ ನುಂಗಿತು. ಹನಿಗೂಡಿದರೆ ಹಳ್ಳ ಎಂಬ ಮಾತು ಕೂಡಿಡುವವನಿಗೆ ಎಷ್ಟು ನಿಜವೋ ಕಳೆದುಕೊಳ್ಳುವವನಿಗೂ ಅಷ್ಟೇ ನಿಜ.

ಇದರ ಬಗ್ಗೆ ಜನರ ದೂರು ಹೆಚ್ಚಿದಾಗ ಟ್ರಾಯ್ 2022ರ ಜನವರಿ 27ರಂದು ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ ಪೂರಾ 30 ದಿನದ ವಾಯಿದೆಯ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಯಾಕನ್ನೂ ಇಟ್ಟಿರಲೇಬೇಕು ಎಂದಿತು. ಅಂಗಡಿಯ ಹಲಗೆಯ ಮೇಲೆ ಅದು ಕಾಣುವುದು ಅಪರೂಪ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ 28 ದಿನದ್ದೇ ಗತಿ. ಕೇಳಿ, ಭಾಗಿಸಿ ನೋಡಿ, ಆಮೇಲೆ ಹಾಕಿಸಿ.

ಎರಡನೆಯ ಆದೇಶ ಇದಕ್ಕಿಂತ ದೊಡ್ಡದು. 2024ರ ಡಿಸೆಂಬರ್ 23ರಂದು ಟ್ರಾಯ್, ನೆಟ್ ಬೇಡದವರಿಗಾಗಿ ಮಾತು ಮತ್ತು ಸಂದೇಶಕ್ಕಷ್ಟೇ ಸೀಮಿತವಾದ ಪ್ಯಾಕನ್ನು ಒಂದಾದರೂ ಕೊಡಬೇಕೆಂದು ನಿಯಮ ಮಾಡಿತು. ವಿಶೇಷ ಪ್ಯಾಕಿನ ವಾಯಿದೆಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ ಬರೀ ಮಾತಿನ ಪ್ಯಾಕನ್ನು 84 ದಿನಕ್ಕೆ 469, 365 ದಿನಕ್ಕೆ 1,849 ರೂಪಾಯಿಗೆ ತಂದಿತು; ಜಿಯೋ 84 ದಿನಕ್ಕೆ 448, 336 ದಿನಕ್ಕೆ 1,748 ರೂಪಾಯಿಗೆ ತಂದಿತು. 1,849ನ್ನು 365ರಿಂದ ಭಾಗಿಸಿದರೆ ದಿನಕ್ಕೆ 5 ರೂಪಾಯಿ 7 ಪೈಸೆ. ಕೀಪ್ಯಾಡ್ ಫೋನಿನ ತಂದೆತಾಯಿಗೆ 199ರ ಪ್ಯಾಕನ್ನೇ ವರ್ಷವಿಡೀ ಹಾಕಿಸುವುದಕ್ಕೂ ಇದಕ್ಕೂ 738 ರೂಪಾಯಿ ವ್ಯತ್ಯಾಸ. ಈ ಬೆಲೆಗಳು ಆಗಾಗ್ಗೆ ಬದಲಾಗುತ್ತವೆ, ಆದುದರಿಂದ ಹಾಕಿಸುವ ದಿನದ ಬೆಲೆಯನ್ನೇ ನೋಡಿ. ಬೆಲೆ ಬದಲಾದರೂ ಭಾಗಾಕಾರ ಬದಲಾಗುವುದಿಲ್ಲ.

ಒಟ್ಟಿಗೆ ಎರಡು ಸಾವಿರ ಎಲ್ಲಿಂದ ತರುವುದು ಎಂದು ನೀವು ಕೇಳುವಿರಿ. ನಿಜ, ವಾರದ ಕೂಲಿಯವನು ಸಣ್ಣ ಪ್ಯಾಕನ್ನು ಕೊಂಡು ಹೆಚ್ಚು ಕೊಡುತ್ತಾನೆ, ಕೈಯಲ್ಲಿ ಹಣವಿದ್ದವನು ದೊಡ್ಡದನ್ನು ಕೊಂಡು ಕಡಮೆ ಕೊಡುತ್ತಾನೆ. ಅಕ್ಕಿ ಎಣ್ಣೆಗಳಲ್ಲಿ ಕಂಡ ಅನ್ಯಾಯವೇ ಇಲ್ಲಿಯೂ ಇದೆ. ಸ್ವಸಹಾಯ ಸಂಘದ ತಾಯಂದಿರು ಚೀಟಿ ಹಾಕಿ ಪಾತ್ರೆ ಕೊಳ್ಳುವಂತೆ, ಸರದಿಯ ಮೇಲೆ ವರ್ಷದ ಪ್ಯಾಕು ಹಾಕಿಸಿಕೊಳ್ಳಬಹುದು. ಯೋಚನೆ ಮಾಡಿ.

ಕರೆನ್ಸಿ ಬೇರೆ, ಪ್ಯಾಕು ಬೇರೆ

ನಾವು ಕರೆನ್ಸಿ ಹಾಕಿಸಿದೆ ಎನ್ನುತ್ತೇವೆ. ಕರೆನ್ಸಿ ಎಂದರೆ ಖಾತೆಯಲ್ಲಿ ನಿಲ್ಲುವ ಹಣ, ಅದಕ್ಕೆ ವಾಯಿದೆ ಇಲ್ಲ. ಪ್ಯಾಕು ಎಂದರೆ ದಿನ ಮುಗಿದೊಡನೆ ಮುಗಿಯುವ ಹಕ್ಕು. 100 ರೂಪಾಯಿಯ ಕರೆನ್ಸಿ ಹಾಕಿಸಿದರೆ 81 ರೂಪಾಯಿ 75 ಪೈಸೆ ಏಕೆ ಬರುತ್ತದೆಂದು ಹಲವರು ಅಂಗಡಿಯವರೊಡನೆ ಜಗಳವಾಡುತ್ತಾರೆ. ಅಂಗಡಿಯವನ ತಪ್ಪಲ್ಲ. ನೂರರಲ್ಲಿ ಶೇಕಡ 18ರ ಜಿ.ಎಸ್.ಟಿ. ಸೇರಿದೆ, ಅದು 15 ರೂಪಾಯಿ 25 ಪೈಸೆ. ಕಂಪನಿಯ ಸಂಸ್ಕರಣ ಶುಲ್ಕ 3 ರೂಪಾಯಿ. ಈ ಶುಲ್ಕ ಬೆಲೆಯ ಶೇಕಡ 10 ಅಥವಾ 3 ರೂಪಾಯಿ, ಯಾವುದು ಕಡಮೆಯೋ ಅದನ್ನು ಮೀರುವಂತಿಲ್ಲ. ಹೀಗಾಗಿ 10 ರೂಪಾಯಿಗೆ ಸಿಗುವುದು 7 ರೂಪಾಯಿ 47 ಪೈಸೆ.

ಅನಿಯಮಿತ ಕರೆ ಎಂದು ಬರೆದಿದ್ದರೂ ಕರೆನ್ಸಿ ಕರಗುತ್ತದಲ್ಲ, ಅದು ಹೇಗೆ? ಎಲ್ಲ ನಂಬರೂ ಆ ಅನಿಯಮಿತದೊಳಗೆ ಬರುವುದಿಲ್ಲ. 1800ರಿಂದ ಆರಂಭವಾಗುವ ನಂಬರಿಗೆ ಕರೆ ಉಚಿತ. 1860ರಿಂದ ಆರಂಭವಾಗುವುದು ಉಚಿತವಲ್ಲ. ನೋಡಲು ಅಣ್ಣತಮ್ಮಂದಿರಂತಿವೆ, ಆದರೆ ಒಂದು ಕೊಡುತ್ತದೆ, ಒಂದು ಕೀಳುತ್ತದೆ. ಟೆಲಿವಿಷನ್ನಿನ ಸ್ಪರ್ಧೆಗೆ ಐದಂಕಿಯ ನಂಬರಿಗೆ ಕಳಿಸುವ ಸಂದೇಶಕ್ಕೂ ಬೇರೆ ದುಡ್ಡು. ದಿನಕ್ಕೆ 100 ಸಂದೇಶದ ಪ್ಯಾಕಿನಲ್ಲಿ ನೂರೊಂದನೆಯದಕ್ಕೆ ಕರೆನ್ಸಿ ಕಡಿಯುತ್ತದೆ. ಹಬ್ಬದ ಶುಭಾಶಯ ಕಳಿಸುವ ಹುಡುಗರಿಗೆ ಇದನ್ನು ಹೇಳಿ.

ಇನ್ನು ಹಾಡು, ಜಾತಕ, ಕ್ರಿಕೆಟ್ ಸುದ್ದಿ. ಬೆರಳು ತಾಗಿ ಗುಂಡಿ ಒತ್ತಿದರೆ ಸೇವೆ ಆರಂಭವಾಯಿತು, ಹಣ ಹೋಯಿತು ಎಂಬುದು ಹಳೆಯ ದೂರು. ನಿಯಮದ ಪ್ರಕಾರ ಗ್ರಾಹಕನು ಎರಡು ಸಲ ಸ್ಪಷ್ಟವಾಗಿ ಒಪ್ಪದೆ ಇಂಥ ಸೇವೆಯನ್ನು ಆರಂಭಿಸುವಂತಿಲ್ಲ. ಇವನ್ನು ನಿಲ್ಲಿಸುವ ನಂಬರು 155223, ಕರೆಗೆ ದುಡ್ಡಿಲ್ಲ. ನೆಟ್ಟನ್ನೇ ಬಂದ್ ಮಾಡಿಸಬೇಕೆಂದರೆ 1925. ಈ ಎರಡು ನಂಬರನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಣ ಎಲ್ಲಿ ಹೋಯಿತೆಂದು ತಿಳಿಯದಿದ್ದರೆ, ಹಿಂದಿನ ಆರು ತಿಂಗಳ ವಿವರವಾದ ಲೆಕ್ಕದ ಪಟ್ಟಿಯನ್ನು ಕೇಳಿ ಪಡೆಯುವ ಹಕ್ಕು ಪ್ರೀಪೇಯ್ಡ್ ಗ್ರಾಹಕನಿಗೂ ಇದೆ. ಅದಕ್ಕೆ 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ.

ಇಪ್ಪತ್ನಾಲ್ಕು ಸಾವಿರದ ಬಿಲ್ಲು

ತಿಂಗಳ ಕೊನೆಗೆ ಬಿಲ್ಲು ಬರುವ ಪೋಸ್ಟ್‌ಪೇಯ್ಡ್ ಸಿಮ್ಮನ್ನು ವ್ಯಾಪಾರಿಗಳು ಇಟ್ಟುಕೊಳ್ಳುವುದುಂಟು. ಪ್ರೀಪೇಯ್ಡಿನಲ್ಲಿ ಹಣ ಮುಗಿದರೆ ಫೋನು ನಿಲ್ಲುತ್ತದೆ. ಇಲ್ಲಿ ಫೋನು ನಿಲ್ಲುವುದಿಲ್ಲ, ಉದ್ರಿ ಬೆಳೆಯುತ್ತದೆ. ಅಹಮದಾಬಾದಿನ ಒಬ್ಬ ಗ್ರಾಹಕರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿತ್ತು. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಒಂದು ತಿಂಗಳಿಗೆ ಬಂದದ್ದು 24,609 ರೂಪಾಯಿ 51 ಪೈಸೆ. ಬಿಲ್ಲು ತಾನೇತಾನಾಗಿ ಪಾವತಿಯಾಗುವಂತೆ ಅವರು ಕ್ರೆಡಿಟ್ ಕಾರ್ಡನ್ನು ಕಟ್ಟಿಕೊಟ್ಟಿದ್ದರು. ಅವರು ಗ್ರಾಹಕರ ವೇದಿಕೆಗೆ ಹೋದರು. ಇಂಥ ವ್ಯಾಜ್ಯ ಅಲ್ಲಿಗೆ ಬರುವಂತಿಲ್ಲ, 1885ರ ಟೆಲಿಗ್ರಾಫ್ ಕಾಯಿದೆಯಂತೆ ಪಂಚಾಯಿತಿಗೆ ಹೋಗಬೇಕು ಎಂದು ವೊಡಾಫೋನ್ ಐಡಿಯಾ ಕಂಪನಿ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ, ದೂರಸಂಪರ್ಕದ ದೂರನ್ನು ಗ್ರಾಹಕರ ವೇದಿಕೆಗಳು ವಿಚಾರಿಸಬಹುದು ಎಂದು ತೀರ್ಪಿತ್ತಿತು. ಬಿಲ್ಲು ಸರಿಯೋ ತಪ್ಪೋ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ, ಬಾಗಿಲು ತೆರೆದಿದೆ ಎಂಬುದು ತೀರ್ಮಾನವಾಯಿತು. ಒಬ್ಬ ಗ್ರಾಹಕರು ಎಂಟು ವರ್ಷ ಬಿಡದೆ ನಡೆಸಿದ ಹೋರಾಟದಿಂದ ತೆರೆದ ಬಾಗಿಲು ನಮಗೂ ನಿಮಗೂ ತೆರೆದಿದೆ.

ಇದರಿಂದ ಕಲಿಯಬೇಕಾದ ಪಾಠ ಎರಡು. ಪೋಸ್ಟ್‌ಪೇಯ್ಡ್ ಇದ್ದರೆ ನಿಮ್ಮ ಉದ್ರಿಯ ಮಿತಿ ಎಷ್ಟೆಂದು ಕೇಳಿ ಬರೆದುಕೊಳ್ಳಿ. ನೆಟ್ಟಿನ ಪಾಲು ಶೇಕಡ 50, 90 ಮತ್ತು 100 ಮುಗಿದಾಗ ಕಂಪನಿ ಸಂದೇಶ ಕಳಿಸಬೇಕೆಂದು ನಿಯಮವಿದೆ, ಆ ಸಂದೇಶವನ್ನು ಓದದೆ ಅಳಿಸಬೇಡಿ. ಎರಡನೆಯದಾಗಿ, ತಾನಾಗಿ ಹಣ ಕಡಿಯುವ ಆಟೋಪೇ ವ್ಯವಸ್ಥೆಗೆ ಕಣ್ಣುಮುಚ್ಚಿ ಒಪ್ಪಬೇಡಿ. ರಿಸರ್ವ್ ಬ್ಯಾಂಕಿನ ಕಟ್ಟಳೆಯಂತೆ ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕು, ರದ್ದು ಮಾಡುವ ದಾರಿಯನ್ನೂ ಕೊಡಬೇಕು. ಒಂದು ರೂಪಾಯಿಗೆ ಒಂದು ವಾರ ಸಿನಿಮಾ ಎಂದು ಕರೆಯುವ ಆಪುಗಳು ಕೇಳುವುದು ಆ ಒಂದು ರೂಪಾಯಿಯನ್ನಲ್ಲ, ಮುಂದಿನ ತಿಂಗಳುಗಳ ಒಪ್ಪಿಗೆಯನ್ನು. ನಿಮ್ಮ ಪಾವತಿ ಆಪಿನಲ್ಲಿ ಆಟೋಪೇ ಎಂಬ ಪುಟ ತೆರೆದು, ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂದು ಇಂದೇ ನೋಡಿ.

ಅಂಗಡಿಯವರಿಗೆ ಇನ್ನೊಂದು ಮಾತು. ಹಣ ಬಂತೆಂದು ಕೂಗುವ ಪೆಟ್ಟಿಗೆಯನ್ನು ಗಲ್ಲದ ಮೇಲೆ ಇಟ್ಟುಕೊಂಡಿದ್ದೀರಿ. ಅದಕ್ಕೆ ತಿಂಗಳ ಬಾಡಿಗೆ ಇದ್ದರೆ ನಿಮ್ಮ ಜಮೆಯಲ್ಲೇ ಕಡಿಯುತ್ತಾರೆ. ಬಂದ ಹಣವನ್ನು ಅದು ಕೂಗುತ್ತದೆ, ಹೋದ ಹಣವನ್ನು ಕೂಗುವುದಿಲ್ಲ. ಬೇಡವಾದ ಪೆಟ್ಟಿಗೆಯನ್ನು ಬದಿಗಿಟ್ಟರೆ ಬಾಡಿಗೆ ನಿಲ್ಲುವುದಿಲ್ಲ, ಹಿಂದಿರುಗಿಸಿ ರಸೀತಿ ಪಡೆಯಬೇಕು. ಫೋನಿನಲ್ಲೇ ರೀಚಾರ್ಜು ಮಾಡುವವರೂ ನೋಡಿ, ಕೆಲವು ಪಾವತಿ ಆಪುಗಳು ಮೇಲೆ ಒಂದೆರಡು ರೂಪಾಯಿ ಶುಲ್ಕ ಹಚ್ಚುತ್ತವೆ.

ದೂರು ಕೊಡುವ ಕ್ರಮ

ಹಣ ತಪ್ಪಾಗಿ ಹೋದರೆ ಬಯ್ದು ಸುಮ್ಮನಾಗಬೇಡಿ. ಮೊದಲು 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಪಡೆದು ಬರೆದಿಡಿ. ಸಂಖ್ಯೆ ಇಲ್ಲದ ದೂರು ವಿಳಾಸ ಇಲ್ಲದ ಕಾಗದದಂತೆ. ಪರಿಹಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅವರು 39 ದಿನದೊಳಗೆ ತೀರ್ಮಾನಿಸಬೇಕು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ದಾವಣಗೆರೆಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಟ್ರಾಯ್ ಮಾತ್ರ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಲ ಕಳೆಯಬೇಡಿ.

ಕಂಪನಿಯನ್ನೇ ಬಿಡಬೇಕೆಂದರೂ ನಂಬರು ಬಿಡಬೇಕಾಗಿಲ್ಲ. 2011ರ ಜನವರಿ 20ರಿಂದ ದೇಶದಲ್ಲೆಲ್ಲ ಈ ಹಕ್ಕು ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರು ಬರೆದು, 1900ಕ್ಕೆ ಕಳಿಸಿದರೆ ಒಂದು ಗುಪ್ತ ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಗೆ ಒಯ್ಯಬೇಕು. ಆದರೆ ಒಂದು ಕಂಪನಿಯಲ್ಲಿ 90 ದಿನವಾದರೂ ಇದ್ದಿರಬೇಕು, ಹಳೆಯ ಬಿಲ್ಲು ಬಾಕಿ ಇರಬಾರದು. ದರ ಕಡಮೆ ಎಂದು ಓಡುವ ಮುನ್ನ ನಿಮ್ಮ ಮನೆಯಲ್ಲಿ, ಹೊಲದಲ್ಲಿ ಆ ಕಂಪನಿಯ ಸಿಗ್ನಲ್ ಬರುತ್ತದೆಯೇ ಎಂದು ನೆರೆಯವರ ಫೋನಿನಲ್ಲಿ ನೋಡಿ. ಸಿಗ್ನಲ್ ಇಲ್ಲದ ಅಗ್ಗದ ಪ್ಯಾಕು ಎಷ್ಟಕ್ಕೆ ಕೊಂಡರೂ ದುಬಾರಿ.

ಕಡೆಯದಾಗಿ, ನಂಬರಿನ ಜೀವ. ಪ್ಯಾಕು ಮುಗಿದರೆ ಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನಗಳ ಮೇಲೆ ಬರುವ ಕರೆಯೂ ನಿಲ್ಲುತ್ತದೆ. 90 ದಿನ ಯಾವ ಬಳಕೆಯೂ ಇಲ್ಲದೆ, ಖಾತೆಯಲ್ಲಿ 20 ರೂಪಾಯಿಯ ಕರೆನ್ಸಿಯೂ ಇಲ್ಲದಿದ್ದರೆ ನಂಬರನ್ನು ಮುಚ್ಚಬಹುದು. ಮುಚ್ಚಿದ ನಂಬರು ಮುಂದೆ ಬೇರೊಬ್ಬರ ಕೈಗೆ ಹೋಗುತ್ತದೆ. ನಿಮ್ಮ ಬ್ಯಾಂಕಿನ ಗುಟ್ಟಿನ ಅಂಕಿ ಅಪರಿಚಿತನ ಫೋನಿಗೆ ಬಂದರೆ ಏನಾದೀತು? ಆದುದರಿಂದ ಎರಡನೆಯ ಸಿಮ್ಮನ್ನು ಡಬ್ಬಿಯಲ್ಲಿಟ್ಟು ಮರೆತಿರುವವರು, ಆ ನಂಬರು ಬ್ಯಾಂಕಿಗೆ ಕಟ್ಟಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ಬದಲಾಯಿಸಿ, ಆಮೇಲೆ ಸಿಮ್ಮನ್ನು ಬಿಡಿ.

ಬಂಧುಗಳೇ, ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋದರೆ ನನ್ನ ಮಾತೂ ಮುಗಿದುಹೋದ ಪ್ಯಾಕಿನಂತೆಯೇ. ಒಂದು ಕೆಲಸವನ್ನು ಮಾಡಿ. ರೀಚಾರ್ಜು ಮಾಡುವ ಅಂಗಡಿಯವರು ಒಂದು ಹಲಗೆ ತೂಗುಹಾಕಿ, ಪ್ರತಿ ಪ್ಯಾಕಿನ ಮುಂದೆ ಬೆಲೆ, ದಿನ, ದಿನಕ್ಕೆಷ್ಟು ಎಂದು ಮೂರು ಕಲಮಿನಲ್ಲಿ ಬರೆಯಿರಿ. ಓದು ಬಾರದ ಗಿರಾಕಿಗೆ ಅದನ್ನು ಬಾಯಿಬಿಟ್ಟು ಹೇಳಿ. ಇದರಿಂದ ನಿಮ್ಮ ವ್ಯಾಪಾರ ಕೆಡುವುದಿಲ್ಲ, ನಂಬಿಕೆ ಬೆಳೆಯುತ್ತದೆ. ಓದು ಬಲ್ಲ ಹುಡುಗ ಹುಡುಗಿಯರು ತಿಂಗಳಿಗೊಂದು ಸಂಜೆ ಕೂತು ಹಿರಿಯರ ಫೋನುಗಳನ್ನು ನೋಡಿ, ಬೇಡದ ಸೇವೆಗಳನ್ನು ಬಂದ್ ಮಾಡಿಸಿಕೊಡಲಿ. ಮೂವತ್ತು ದಿನದ ಪ್ಯಾಕನ್ನು ನೂರು ಜನ ಕೇಳತೊಡಗಿದರೆ ಅದೂ ಹಲಗೆಯ ಮೇಲೆ ಬರುತ್ತದೆ.

ಕೂಲಿಯ ಒಂದು ಗಂಟೆಗಾಗಿ ಹೋರಾಡಿದ ಜನ ನಾವು. ವರ್ಷಕ್ಕೊಂದು ತಿಂಗಳನ್ನು ಲೆಕ್ಕವಿಲ್ಲದೆ ಬಿಟ್ಟುಕೊಡುವುದು ಬೇಡ.